ಪಾರ್ಶ್ವವಾಯುವಿನ ನಂತರ ಹಿರಿಯರ ಊಟ ಮತ್ತು ಓಡಾಟ: ಮನೆಯವರಿಗೊಂದು ಮಾರ್ಗದರ್ಶಿ

ಪಾರ್ಶ್ವವಾಯು ಬಡಿದ ಅಜ್ಜನನ್ನೋ ಅಜ್ಜಿಯನ್ನೋ ಮಂಗಳೂರಿನ ಅಥವಾ ಕಾಸರಗೋಡಿನ ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹೆಚ್ಚಿನ ಮನೆಗಳಲ್ಲಿ ಎರಡು ಕೆಲಸಗಳು ತಪ್ಪದೆ ನಡೆಯುತ್ತವೆ. ಗಾಳಿ ಬೆಳಕಿನ ಕೋಣೆಯೊಂದರಲ್ಲಿ ಹಾಸಿಗೆ ಹಾಸುತ್ತಾರೆ. ಒಲೆಯ ಮೇಲೆ ಗಂಜಿ ಇಡುತ್ತಾರೆ. ಎರಡೂ ಪ್ರೀತಿಯಿಂದ ಮಾಡುವ ಕೆಲಸಗಳೇ. ಆದರೆ ಆ ಹಾಸಿಗೆ ಮತ್ತು ಆ ಗಂಜಿ ವಾರಗಟ್ಟಲೆ ಹಾಗೆಯೇ ಮುಂದುವರಿದರೆ, ರೋಗ ಕಸಿಯದೆ ಬಿಟ್ಟ ಬಲವನ್ನೂ ಅವು ಕಸಿದುಕೊಳ್ಳುತ್ತವೆ.

ವಯಸ್ಸಾದವರು ಮಲಗಿದಲ್ಲೇ ಇದ್ದರೆ ಸ್ನಾಯುಗಳು ಕೆಲವೇ ದಿನಗಳಲ್ಲಿ ಸೊರಗತೊಡಗುತ್ತವೆ, ಅದೂ ಬಾಧಿತ ಬದಿಯಲ್ಲಿ ಮಾತ್ರವಲ್ಲ, ಸರಿಯಾಗಿರುವ ಕಾಲಿನಲ್ಲೂ. ಮುಂದೆ ಫಿಸಿಯೋಥೆರಪಿಸ್ಟ್ ಬಂದು ನಿಲ್ಲಿಸಲು ನೋಡಿದಾಗ ಒಳ್ಳೆಯ ಕಾಲೇ ನಡುಗುವುದುಂಟು. ವ್ಯಾಯಾಮವಿಲ್ಲದೆ ಬರಿಯ ಆಹಾರದಿಂದ ಸ್ನಾಯು ಬೆಳೆಯದು. ಆಹಾರವಿಲ್ಲದೆ ಬರಿಯ ವ್ಯಾಯಾಮದಿಂದ ದೇಹ ಇನ್ನಷ್ಟು ಬಳಲುತ್ತದೆ. ಆದುದರಿಂದ ಇವೆರಡನ್ನೂ ಒಂದೇ ಚಿಕಿತ್ಸೆಯ ಎರಡು ಭಾಗಗಳೆಂದು ತಿಳಿದು, ಮನೆಯಲ್ಲಿ ಏನನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಹೃದಯದ ತೊಂದರೆ ಇರುವವರ ವಿಷಯದಲ್ಲಿ ಇಲ್ಲಿನ ಪ್ರಮಾಣಗಳನ್ನು ಅನುಸರಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ಮೊದಲು ನುಂಗುವಿಕೆ

ಊಟದ ಪಟ್ಟಿ ಮಾಡುವುದಕ್ಕಿಂತ ಮೊದಲು, ರೋಗಿ ಸುರಕ್ಷಿತವಾಗಿ ನುಂಗಬಲ್ಲರೇ ಎಂಬುದನ್ನು ತಿಳಿದುಕೊಳ್ಳಬೇಕು. ಪಾರ್ಶ್ವವಾಯುವಿನ ಆರಂಭದ ದಿನಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳಿಗೆ ನುಂಗುವುದು ಕಷ್ಟವಾಗುತ್ತದೆ. ಅನೇಕರಲ್ಲಿ ಇದು ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಗಂಟಲಿನ ಸ್ನಾಯುಗಳು ಹೊತ್ತಿಗೆ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ನೀರು, ಅನ್ನ, ಜೊಲ್ಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಕೆಮ್ಮದ ಮಾತ್ರಕ್ಕೆ ಎಲ್ಲವೂ ಸರಿಯಾಗಿದೆ ಎಂದುಕೊಳ್ಳುವಂತಿಲ್ಲ, ಏಕೆಂದರೆ ಗಂಟಲಿನ ಸ್ಪರ್ಶಜ್ಞಾನ ಕುಂದಿರುವವರಲ್ಲಿ ಕೆಮ್ಮೇ ಬಾರದೆ ಆಹಾರ ಒಳಗೆ ಜಾರುತ್ತದೆ.

ಆಸ್ಪತ್ರೆಯಿಂದ ಹೊರಡುವ ಮೊದಲೇ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರೆದುಕೊಳ್ಳಿ: ನುಂಗುವಿಕೆಯ ಪರೀಕ್ಷೆ ಆಗಿದೆಯೇ, ನೀರಿನಂಥ ತೆಳು ಪಾನೀಯಗಳನ್ನು ಎಷ್ಟು ದಪ್ಪ ಮಾಡಿ ಕೊಡಬೇಕು, ಅನ್ನ ಎಷ್ಟು ಮೆದು ಇರಬೇಕು. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿರುತ್ತದೆ, ಮನೆಗೆ ಬರುವ ನರ್ಸ್ ಮಲಯಾಳದಲ್ಲಿ ಮಾತನಾಡುತ್ತಾರೆ, ಉಣಿಸುವ ಸೊಸೆ ಕನ್ನಡದಲ್ಲೋ ತುಳುವಿನಲ್ಲೋ ಕೇಳಿಸಿಕೊಳ್ಳುತ್ತಾಳೆ. ಗಡಿನಾಡಿನಲ್ಲಿ ಈ ಮೂರರ ನಡುವೆ ಸೂಚನೆ ಕಳೆದುಹೋಗುವುದು ಸುಲಭ. ಆದ್ದರಿಂದ ಉತ್ತರಗಳನ್ನು ಮನೆಯವರೆಲ್ಲ ಓದಬಲ್ಲ ಭಾಷೆಯಲ್ಲಿ ಒಂದು ನೋಟುಪುಸ್ತಕದಲ್ಲಿ ಬರೆದು, ಅಡುಗೆಮನೆಯಲ್ಲೇ ಇಡುವುದು ಒಳ್ಳೆಯದು.

ಉಣಿಸುವಾಗ ರೋಗಿಯನ್ನು ಕುರ್ಚಿಯಲ್ಲಿ ನೇರವಾಗಿ ಕೂರಿಸಬೇಕು; ಹಾಸಿಗೆಯಲ್ಲಾದರೆ ಬೆನ್ನಿಗೆ ಒತ್ತು ಕೊಟ್ಟು ಸಾಧ್ಯವಾದಷ್ಟು ನೇರ ಮಾಡಬೇಕು. ಉಣಿಸುವವರು ನಿಂತುಕೊಂಡು ಮೇಲಿನಿಂದ ಚಮಚ ನೀಡಿದರೆ ರೋಗಿ ಕತ್ತೆತ್ತುತ್ತಾರೆ, ಆಗ ಗಂಟಲಿನ ದಾರಿ ತೆರೆದುಕೊಂಡು ಆಹಾರ ತಪ್ಪಿ ಇಳಿಯುವ ಸಾಧ್ಯತೆ ಹೆಚ್ಚು. ಆದುದರಿಂದ ಎದುರಿಗೆ ಅವರಷ್ಟೇ ಎತ್ತರದಲ್ಲಿ ಕುಳಿತುಕೊಳ್ಳಿ. ಒಂದು ಸಲಕ್ಕೆ ಟೀ ಚಮಚದಷ್ಟು ಸಾಕು. ಮೊದಲಿನ ತುತ್ತು ಇಳಿದದ್ದನ್ನು ಕಂಠ ಏರಿ ಇಳಿಯುವುದರಿಂದ ಗುರುತಿಸಿ, ಆಮೇಲೆ ಎರಡನೆಯದನ್ನು ಕೊಡಿ. ದುರ್ಬಲವಾದ ಕೆನ್ನೆಯ ಸಂದಿಯಲ್ಲಿ ಅನ್ನ ಉಳಿದುಕೊಳ್ಳುತ್ತದೆ. ಊಟವಾದ ಬಳಿಕ ಅದನ್ನು ತೆಗೆದು ಹಲ್ಲು, ನಾಲಿಗೆ, ದಂತಪಂಕ್ತಿಯ ಸೆಟ್ಟು ಎಲ್ಲವನ್ನೂ ಶುಚಿಗೊಳಿಸಬೇಕು. ಬಾಯಿಯ ಶುಚಿತ್ವವು ನ್ಯುಮೋನಿಯಾವನ್ನು ತಡೆಯುವ ಮುಖ್ಯ ಉಪಾಯಗಳಲ್ಲಿ ಒಂದು. ಉಂಡ ನಂತರ ಅರ್ಧ ಗಂಟೆಯಾದರೂ ಮಲಗಿಸಬಾರದು.

ಊಟದ ನಡುವೆ ಕೆಮ್ಮು, ಸ್ವರದಲ್ಲಿ ಗೊರಗೊರ, ಕಣ್ಣಲ್ಲಿ ನೀರು, ಏದುಸಿರು ಕಂಡರೆ ಅಲ್ಲಿಗೇ ನಿಲ್ಲಿಸಿ. ಇವು ಮರುಕಳಿಸಿದರೆ, ಅಥವಾ ಕಾರಣವಿಲ್ಲದೆ ಜ್ವರ ಬಂದುಹೋಗುತ್ತಿದ್ದರೆ, ನುಂಗುವಿಕೆಯ ಪರೀಕ್ಷೆ ಇನ್ನೊಮ್ಮೆ ಆಗಬೇಕು. ಮೂಗಿನ ನಳಿಕೆಯಲ್ಲಿ ಆಹಾರ ಹೋಗುತ್ತಿರುವವರಿಗೆ ಬಾಯಿಯಿಂದ ‘ರುಚಿಗೆ ಸ್ವಲ್ಪ’ ಎಂದು ಏನನ್ನೂ ಕೊಡಕೂಡದು. ಅದನ್ನು ಆರಂಭಿಸುವ ತೀರ್ಮಾನ ತಜ್ಞರದ್ದು.

ಗಂಜಿಯ ವಿಷಯ

ನಮ್ಮಲ್ಲಿ ಕಾಯಿಲೆಯವರಿಗೆ ಗಂಜಿಗಿಂತ ಹಗುರವಾದದ್ದು ಇಲ್ಲವೆಂಬ ನಂಬಿಕೆ ಗಟ್ಟಿಯಾಗಿದೆ. ಹೊಟ್ಟೆಯ ಮಟ್ಟಿಗೆ ಅದು ನಿಜ. ಗಂಟಲಿನ ಮಟ್ಟಿಗೆ ಮಾತ್ರ ಕುಚ್ಚಲಕ್ಕಿ ಗಂಜಿ ಬಲು ಕಷ್ಟದ ಆಹಾರ, ಏಕೆಂದರೆ ಅದರಲ್ಲಿ ತೆಳುವಾದ ತಿಳಿಯೂ ಇಡಿಯ ಅಗುಳೂ ಒಟ್ಟಿಗೇ ಇರುತ್ತವೆ. ಅಗುಳನ್ನು ಜಗಿಯುವಷ್ಟರಲ್ಲಿ ತಿಳಿ ಗಂಟಲಿಗೆ ಹರಿದಿರುತ್ತದೆ. ಸಾರು ಸುರಿದ ಅನ್ನ, ಮಜ್ಜಿಗೆಗೆ ಹಾಕಿದ ಅವಲಕ್ಕಿ, ಶ್ಯಾವಿಗೆ ಪಾಯಸ, ಹಾಲಲ್ಲಿ ನೆನೆಸಿದ ಬಿಸ್ಕತ್ತು ಎಲ್ಲವೂ ಇದೇ ಜಾತಿಗೆ ಸೇರಿದವು.

ನುಂಗುವ ತೊಂದರೆ ಇರುವವರಿಗೆ ಗಂಜಿ ಕೊಡಲು ವೈದ್ಯರು ಒಪ್ಪಿದ್ದರೆ ಅದನ್ನು ಹೀಗೆ ಮಾಡಿ. ಅಕ್ಕಿಯ ಜೊತೆಗೆ ಅದರ ಮುಕ್ಕಾಲು ಪಾಲು ಹೆಸರುಬೇಳೆ ಹಾಕಿ ಕುಕ್ಕರಿನಲ್ಲಿ ಚೆನ್ನಾಗಿ ಮೆತ್ತಗಾಗುವವರೆಗೆ ಬೇಯಿಸಿ, ಬಿಸಿ ಸ್ವಲ್ಪ ಆರಿದ ಮೇಲೆ ಮಿಕ್ಸಿಯಲ್ಲಿ ನುಣ್ಣಗೆ ಅರೆಯಿರಿ. ಅಗುಳು, ಸಿಪ್ಪೆ, ಒಗ್ಗರಣೆಯ ಸಾಸಿವೆ, ಕರಿಬೇವಿನ ಚೂರು ಒಂದೂ ಉಳಿಯಬಾರದು. ಚಮಚದಲ್ಲಿ ತೆಗೆದು ಓರೆ ಮಾಡಿದಾಗ ಅದು ನೀರಿನಂತೆ ಹರಿಯದೆ ಒಂದೇ ಮುದ್ದೆಯಾಗಿ ಜಾರಬೇಕು, ಚಮಚಕ್ಕೆ ಅಂಟಿಯೂ ಉಳಿಯಬಾರದು. ಅಂಟಾಗಿದ್ದರೆ ಒಂದು ಚಮಚ ತುಪ್ಪ ಅಥವಾ ಸ್ವಲ್ಪ ಬಿಸಿ ಹಾಲು ಸೇರಿಸಿ ಸಡಿಲಿಸಬಹುದು. ರಾಗಿ ಮಣ್ಣಿ ತಣಿದಂತೆ ಗಟ್ಟಿಯಾಗಿ ಅಂಗುಳಕ್ಕೆ ಹಿಡಿಯುವುದರಿಂದ ಅದನ್ನು ಉಗುರುಬೆಚ್ಚಗಿರುವಾಗಲೇ ಕೊಡಬೇಕು. ಒಂದು ಸಣ್ಣ ವಿಷಯ ಇಲ್ಲಿ ಹೇಳಬೇಕು: ಬಾಯಿಗೆ ಹೋದ ಚಮಚವನ್ನು ಮತ್ತೆ ಮತ್ತೆ ದೊಡ್ಡ ಬಟ್ಟಲಿಗೇ ಅದ್ದುತ್ತಿದ್ದರೆ ಜೊಲ್ಲಿನಲ್ಲಿರುವ ಕಿಣ್ವವು ಪಿಷ್ಟವನ್ನು ಕರಗಿಸಿ, ಊಟ ಮುಗಿಯುವ ಹೊತ್ತಿಗೆ ದಪ್ಪಗಿದ್ದ ಗಂಜಿಯನ್ನು ನೀರು ಮಾಡಿಬಿಡುತ್ತದೆ. ಸಣ್ಣ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಹಾಕಿಕೊಳ್ಳಿ.

ಎಷ್ಟು ತಿನ್ನಬೇಕು

ವಯಸ್ಸಾದವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಕನಿಷ್ಠ 1 ಗ್ರಾಂ ಪ್ರೋಟೀನ್ ಬೇಕೆಂಬುದು ಸಾಮಾನ್ಯ ಶಿಫಾರಸು. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ 1.2ರಿಂದ 1.5 ಗ್ರಾಂ. ಶಕ್ತಿಯ ಲೆಕ್ಕದಲ್ಲಿ ಕಿಲೋಗೆ ಸುಮಾರು 30 ಕ್ಯಾಲೊರಿ. ಅಂದರೆ 50 ಕಿಲೋ ತೂಗುವ ಅಜ್ಜಿಗೆ ದಿನಕ್ಕೆ 60 ಗ್ರಾಂ ಪ್ರೋಟೀನ್, 1500 ಕ್ಯಾಲೊರಿ. ಮೂರು ಹೊತ್ತು ಸೇರಿ 150 ಗ್ರಾಂ ಅಕ್ಕಿಯ ಗಂಜಿ, ಉಪ್ಪಿನಕಾಯಿ, ಎರಡು ಲೋಟ ನೀರು ಮಜ್ಜಿಗೆ ಕೊಟ್ಟರೆ ಸಿಗುವ ಪ್ರೋಟೀನ್ 15 ಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಹೊಟ್ಟೆ ತುಂಬಿದ್ದರೂ ಸ್ನಾಯುವಿಗೆ ಬೇಕಾದದ್ದರಲ್ಲಿ ಕಾಲುಭಾಗ ಮಾತ್ರ ಸಂದಿರುತ್ತದೆ.

60 ಗ್ರಾಂ ತಲುಪುವುದಕ್ಕೆ ಪರದೇಶದ ಪದಾರ್ಥ ಬೇಕಾಗಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 200 ಮಿಲಿಲೀಟರ್ ಹಾಲಿನಲ್ಲಿ 6 ಗ್ರಾಂ, 100 ಗ್ರಾಂ ಮೀನಿನ ಮಾಂಸದಲ್ಲಿ ಸುಮಾರು 20 ಗ್ರಾಂ, 100 ಗ್ರಾಂ ಒಣ ಹೆಸರಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಬೆಳಿಗ್ಗೆ ಎರಡು ಇಡ್ಲಿ, ಒಂದು ಮೊಟ್ಟೆ, ಒಂದು ಲೋಟ ಹಾಲು. ಮಧ್ಯಾಹ್ನ ಮೆತ್ತಗಿನ ಅನ್ನ, ಮುಳ್ಳು ಪೂರ್ತಿ ತೆಗೆದ ಬಂಗುಡೆ ಅಥವಾ ಬೂತಾಯಿಯ ಮಾಂಸ, ಗಟ್ಟಿ ಮೊಸರು. ಸಂಜೆ ಹಾಲಿನಲ್ಲಿ ಕಾಯಿಸಿದ ರಾಗಿ ಮಣ್ಣಿಗೆ ಎರಡು ದೊಡ್ಡ ಚಮಚ ನುಣ್ಣನೆಯ ನೆಲಗಡಲೆ ಪುಡಿ. ರಾತ್ರಿ ಮೇಲೆ ಹೇಳಿದ ಹೆಸರುಬೇಳೆಯ ಗಂಜಿ ಮತ್ತು ಮೊಸರು. ಲೆಕ್ಕ ಹಾಕಿದರೆ ಇದು ಗುರಿಯ ಹತ್ತಿರಕ್ಕೆ ಬರುತ್ತದೆ. ಮೀನು, ಮೊಟ್ಟೆ ತಿನ್ನದ ಮನೆಗಳಲ್ಲಿ ತೊವ್ವೆಯನ್ನು ನೀರಾಗಿಸದೆ ಗಟ್ಟಿಯಾಗಿ ಮಾಡುವುದು, ಪನೀರನ್ನು ಪುಡಿಮಾಡಿ ಬೆರೆಸುವುದು, ಬೇಯಿಸಿ ಹಿಂಡಿದ ಸೋಯಾವನ್ನು ಅರೆದು ಸೇರಿಸುವುದು ಅನಿವಾರ್ಯ; 25 ಗ್ರಾಂ ಒಣ ಸೋಯಾದಲ್ಲಿ ಸುಮಾರು 13 ಗ್ರಾಂ ಪ್ರೋಟೀನ್ ಇದೆ. ಕೊದಿಲಿನಲ್ಲಿ (ಸಾಂಬಾರಿನಲ್ಲಿ) ಬೇಳೆ ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು, ಒಬ್ಬರ ಬಟ್ಟಲಿಗೆ ಬೀಳುವ ಬೇಳೆ ಎಷ್ಟೆಂದು ಒಮ್ಮೆ ಸೌಟು ಹಾಕಿ ನೋಡಬೇಕು.

ಪ್ರೋಟೀನನ್ನು ಒಂದೇ ಊಟಕ್ಕೆ ತುಂಬಿಸದೆ ಎಲ್ಲ ಹೊತ್ತಿಗೂ ಹಂಚಿದರೆ ಮುದಿ ದೇಹಕ್ಕೆ ಅದನ್ನು ಬಳಸಿಕೊಳ್ಳುವುದು ಸುಲಭ. ಹಸಿವು ಕಡಿಮೆ ಇರುವವರಿಗೆ ಮೂರು ದೊಡ್ಡ ಊಟಗಳ ಬದಲು ಐದಾರು ಸಣ್ಣ ಊಟಗಳಾಗಲಿ. ಡಬ್ಬಿಯಲ್ಲಿ ಸಿಗುವ ಪ್ರೋಟೀನ್ ಪುಡಿಗಳನ್ನು ಎಲ್ಲರೂ ಕೊಳ್ಳಬೇಕಾಗಿಲ್ಲ. 2005ರಲ್ಲಿ ಪ್ರಕಟವಾದ ‘ಫುಡ್’ ಎಂಬ ದೊಡ್ಡ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ, ಮೊದಲೇ ಚೆನ್ನಾಗಿ ಉಣ್ಣುತ್ತಿದ್ದ ಪಾರ್ಶ್ವವಾಯು ರೋಗಿಗಳಿಗೆ ಇಂಥ ಪೂರಕಗಳನ್ನು ವಾಡಿಕೆಯಂತೆ ಕೊಟ್ಟದ್ದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ತೂಕ ಇಳಿದವರಿಗೆ, ಉಣ್ಣಲಾಗದವರಿಗೆ ಅವು ಬೇಕಾಗಬಹುದು. ಹಾಲು, ಮೊಟ್ಟೆಗೆ ದುಡ್ಡು ಉಳಿಸದೆ ಡಬ್ಬಿಗೆ ಸುರಿಯುವುದಂತೂ ಬುದ್ಧಿವಂತಿಕೆಯಲ್ಲ.

ನೀರನ್ನು ಮರೆಯಬಾರದು. ಪಾನೀಯಗಳ ರೂಪದಲ್ಲಿ ಹೆಂಗಸರಿಗೆ ದಿನಕ್ಕೆ ಸುಮಾರು 1.6 ಲೀಟರ್, ಗಂಡಸರಿಗೆ 2 ಲೀಟರ್ ಬೇಕು. ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ವೈದ್ಯರು ಮಿತಿ ಹೇರಿದ್ದರೆ ಅದೇ ಮಿತಿ. ರಾತ್ರಿ ಎಬ್ಬಿಸಬೇಕಾದೀತೆಂದು ಹಗಲಿನಲ್ಲೇ ನೀರು ಕಡಿಮೆ ಮಾಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಅದರ ಫಲ ಮಲಬದ್ಧತೆ, ಮೂತ್ರದ ಸೋಂಕು, ಗೊಂದಲ.

ತಟ್ಟೆಯ ಅರ್ಧ ಭಾಗ ಹಾಗೆಯೇ ಉಳಿದಿದ್ದರೆ ಹಸಿವಿಲ್ಲವೆಂದು ಎತ್ತಿಬಿಡಬೇಡಿ. ಕೆಲವರಿಗೆ ಒಂದು ಬದಿಯ ದೃಷ್ಟಿ ಅಥವಾ ಆ ಬದಿಯ ಗಮನವೇ ಹೋಗಿರುತ್ತದೆ. ತಟ್ಟೆಯನ್ನು ತಿರುಗಿಸಿಟ್ಟರೆ ಉಳಿದದ್ದನ್ನೂ ಉಣ್ಣುತ್ತಾರೆ. ಹಾಗೆಯೇ ಊಟದಲ್ಲಿ, ಮಾತಿನಲ್ಲಿ, ಯಾವುದರಲ್ಲೂ ಆಸಕ್ತಿಯಿಲ್ಲದೆ ಅಳುಮುಖ ಮಾಡಿಕೊಂಡಿರುವವರನ್ನು ಹಟಮಾರಿಗಳೆಂದು ಬೈಯುವ ಬದಲು ವೈದ್ಯರಿಗೆ ತಿಳಿಸಿ. ಪಾರ್ಶ್ವವಾಯು ಆದವರಲ್ಲಿ ಮೂವರಲ್ಲೊಬ್ಬರಿಗೆ ಖಿನ್ನತೆ ಕಾಡುತ್ತದೆ, ಅದಕ್ಕೆ ಚಿಕಿತ್ಸೆಯಿದೆ.

ಉಪ್ಪು, ಸೊಪ್ಪು, ಎಳನೀರು, ಪಥ್ಯ

ರಕ್ತದೊತ್ತಡವೇ ಪಾರ್ಶ್ವವಾಯುವಿನ ದೊಡ್ಡ ಕಾರಣವಾದ್ದರಿಂದ ಉಪ್ಪಿನ ಮಿತಿ ಅಗತ್ಯ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಸುಮಾರು ಒಂದು ಟೀ ಚಮಚ, ಎಲ್ಲ ಅಡುಗೆಯೂ ಸೇರಿ. ನಮ್ಮ ಮನೆಗಳಲ್ಲಿ ಉಪ್ಪು ಅಡಗಿರುವುದು ಸಾರಿನಲ್ಲಲ್ಲ. ಮಾವಿನ ಮಿಡಿ, ಉಪ್ಪುಸೊಳೆ, ಹಪ್ಪಳ, ಸಂಡಿಗೆ, ಒಣಮೀನಿನಲ್ಲಿ. ಗಂಜಿ ಸಪ್ಪೆಯೆಂದು ಮಿಡಿ ಕೇಳುವ ಅಜ್ಜನಿಗೆ ಲಿಂಬೆರಸ, ಶುಂಠಿ, ಒಂದೆಲಗದ ತಂಬುಳಿ ಕೊಟ್ಟು ರುಚಿ ತುಂಬಿಸಬಹುದು, ತಂಬುಳಿ ಮಾತ್ರ ಅವರು ನುಂಗಬಲ್ಲಷ್ಟು ದಪ್ಪವಿರಲಿ. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಅದು ಅಪಾಯಕಾರಿ. ತೋಟದಲ್ಲಿ ಧಾರಾಳವಾಗಿ ಸಿಗುವ ಎಳನೀರಿಗೂ ಇದೇ ಮಾತು ಅನ್ವಯಿಸುತ್ತದೆ.

ರಕ್ತ ತೆಳುವಾಗಿಸಲು ವಾರ್ಫರಿನ್ ಕೊಟ್ಟಿದ್ದರೆ ಬಸಳೆ, ಹರಿವೆ, ನುಗ್ಗೆಸೊಪ್ಪನ್ನು ಪೂರ್ತಿ ಬಿಡಬೇಕಾಗಿಲ್ಲ. ಒಂದು ವಾರ ದಿನವೂ ತಿಂದು ಇನ್ನೊಂದು ವಾರ ಮುಟ್ಟದಿರುವ ಏರುಪೇರು ಆಗಬಾರದು, ಅಷ್ಟೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರಿಗೆ ಸೊಪ್ಪಿನ ಚಿಂತೆಯಿಲ್ಲ. ಮಾತ್ರೆಗಳನ್ನು ಪುಡಿ ಮಾಡಿ ಕೊಡುವ ಮೊದಲು ಔಷಧದಂಗಡಿಯವರನ್ನು ಕೇಳಿ, ಏಕೆಂದರೆ ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಪುಡಿ ಮಾಡುವಂತಿಲ್ಲ. ಕವಳ ಹಾಕುವವರು ಈಗಲಾದರೂ ಬಿಡಬೇಕು: ಹೊಗೆಸೊಪ್ಪು ರಕ್ತನಾಳಕ್ಕೆ ಕೆಡುಕು, ಅಡಕೆಯ ಚೂರು ದುರ್ಬಲ ಗಂಟಲಿಗೆ ಕೆಡುಕು.

ಪಥ್ಯದ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಎಣ್ಣೆ ಹಚ್ಚಿ ಉಜ್ಜಿಸುವ ಚಿಕಿತ್ಸೆಗೆ ಹೋಗುವ ಕುಟುಂಬಗಳು ನಮ್ಮಲ್ಲಿ ಬಹಳ. ಅದರ ಜೊತೆಗೆ ಮೀನು, ಮೊಟ್ಟೆ, ಮೊಸರು, ಕೆಲವೊಮ್ಮೆ ಬೇಳೆಯೂ ಬೇಡವೆಂಬ ಪಥ್ಯ ಬರುತ್ತದೆ. ವಾರಗಟ್ಟಲೆ ಇದನ್ನು ಪಾಲಿಸಿದರೆ ಸ್ನಾಯು ಬೆಳೆಯಲು ಏನೂ ಉಳಿಯುವುದಿಲ್ಲ. ಬಿಟ್ಟದ್ದಕ್ಕೆ ಬದಲಾಗಿ ಏನು ಕೊಡಬೇಕೆಂದು ಪಥ್ಯ ಹೇಳಿದವರನ್ನೇ ಕೇಳಿ. ಉತ್ತರವಿಲ್ಲದ ಪಥ್ಯವನ್ನು ಪಾಲಿಸಬೇಕಾಗಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಸ್ಪರ್ಶ ತಿಳಿಯದ ಕೈಕಾಲಿಗೆ ಬಿಸಿ ಕಿಳಿ (ಶಾಖ ಕೊಡುವ ಮದ್ದಿನ ಗಂಟು) ಇಟ್ಟರೆ ಸುಟ್ಟದ್ದೂ ಗೊತ್ತಾಗದು. ಬಾಧಿತ ಭುಜವನ್ನು ಜಗ್ಗಿ ಎಳೆದರೆ ಕೀಲು ಜಾರುತ್ತದೆ.

ಎಬ್ಬಿಸುವುದು, ನಿಲ್ಲಿಸುವುದು

ಬೇಗ ಎಬ್ಬಿಸಬೇಕು ಎಂಬುದಕ್ಕೂ ಒಂದು ಮಿತಿಯಿದೆ. ಪಾರ್ಶ್ವವಾಯು ಆದ ಮೊದಲ 24 ಗಂಟೆಗಳಲ್ಲೇ ಹೆಚ್ಚು ಹೊತ್ತು, ಹೆಚ್ಚು ಸಲ ಎಬ್ಬಿಸಿದವರ ಚೇತರಿಕೆ ಉತ್ತಮವಾಗುವ ಬದಲು ಕೆಟ್ಟಿತೆಂದು 2015ರಲ್ಲಿ ಪ್ರಕಟವಾದ ‘ಅವರ್ಟ್’ ಅಧ್ಯಯನ ತೋರಿಸಿತು. ಆದರೆ ಅದು ಆಸ್ಪತ್ರೆಯ ಮೊದಲ ದಿನದ ಮಾತು. ಮನೆಗೆ ಬಂದ ರೋಗಿಯನ್ನು ಹಾಸಿಗೆಯಲ್ಲೇ ಇಡುವುದಕ್ಕೆ ಅದು ನೆಪವಾಗಬಾರದು. ಚೇತರಿಕೆಯ ವೇಗ ಮೊದಲ ಮೂರು ತಿಂಗಳಲ್ಲಿ ಅತಿ ಹೆಚ್ಚು. ಆಮೇಲೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ತಾನಾಗಿ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಲು ಬಂದರೆ ಊಟಗಳನ್ನೆಲ್ಲ ಕುಳಿತೇ ಮಾಡಿಸಿ. ಅದೇ ಮೊದಲ ವ್ಯಾಯಾಮ. ಮುಂದಿನದು ಕುಳಿತಲ್ಲಿಂದ ಏಳುವುದು, ಮನೆಯಲ್ಲಿ ಮಾಡಬಹುದಾದವುಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ. ಕೈಯಿರುವ, ಅಲುಗಾಡದ, ಸುಮಾರು 45 ಸೆಂಟಿಮೀಟರ್ ಎತ್ತರದ ಮರದ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಕಷ್ಟವಾದರೆ ಗಟ್ಟಿ ದಿಂಬು ಹಾಕಿ ಎತ್ತರಿಸಿ. ರೋಗಿ ಕುರ್ಚಿಯ ಮುಂಭಾಗಕ್ಕೆ ಸರಿದು, ಪಾದಗಳನ್ನು ಮೊಣಕಾಲಿಗಿಂತ ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳಬೇಕು. ಬಾಧಿತ ಪಾದ ಇನ್ನೊಂದಕ್ಕಿಂತ ತುಸು ಹಿಂದಿದ್ದರೆ ಭಾರ ಅದರ ಮೇಲೂ ಬೀಳುತ್ತದೆ. ಇಲ್ಲವಾದರೆ ಒಳ್ಳೆಯ ಕಾಲೇ ಎಲ್ಲ ಕೆಲಸ ಮಾಡಿಬಿಡುತ್ತದೆ. ನೆರವಿಗೆ ನಿಲ್ಲುವವರು ಬಾಧಿತ ಬದಿಯಲ್ಲಿ ನಿಂತು ಸೊಂಟವನ್ನು ಆಧರಿಸಬೇಕು, ಕಂಕುಳಿಗೆ ಕೈ ಹಾಕಿ ಎತ್ತಬಾರದು. ಫಿಸಿಯೋಥೆರಪಿಸ್ಟ್ ಒಮ್ಮೆ ನೋಡಿ ಒಪ್ಪಿದ ಮೇಲೆ ಐದು ಸಲದಿಂದ ಆರಂಭಿಸಿ, ದಿನಕ್ಕೆ ಎರಡು ಮೂರು ಬಾರಿ ಮಾಡಿಸಿ, ಸುಲಭವಾದಂತೆ ಸಂಖ್ಯೆ ಏರಿಸಿ. ಊಟವಾದ ತಕ್ಷಣ ಬೇಡ, ಬರಿಹೊಟ್ಟೆಯಲ್ಲೂ ಬೇಡ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ.

ಕೋಲು ಹಿಡಿಯುವುದು ಒಳ್ಳೆಯ ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಬಾಧಿತ ಕಾಲು ಮೊದಲು. ಅಂಗಿ ತೊಡಿಸುವಾಗ ಬಾಧಿತ ಕೈಗೆ ಮೊದಲು. ಕೈಯ ಹಿಡಿತಕ್ಕೆ ವ್ಯಾಯಾಮದ ಚೆಂಡೇ ಬೇಕೆಂದಿಲ್ಲ: ಮೇಜಿನ ಮೇಲೆ ಒಂದು ಹರಿವಾಣದಲ್ಲಿ ಒಣ ಅಡಕೆ ಇಟ್ಟು ಒಂದೊಂದಾಗಿ ಇನ್ನೊಂದಕ್ಕೆ ಹಾಕಲು ಹೇಳಿದರೆ, ಬದುಕಿಡೀ ತೋಟ ಮಾಡಿದ ಅಜ್ಜನಿಗೆ ಅದು ಆಟವೆನಿಸದು. ಬಸಳೆ ಬಿಡಿಸುವುದು, ಲೋಟ ಎತ್ತಿ ಇಡುವುದು ಹೀಗೆ ನಿತ್ಯದ ಕೆಲಸವನ್ನೇ ಮತ್ತೆ ಮತ್ತೆ ಮಾಡುವುದರಿಂದ ಮಿದುಳು ಆ ಕೆಲಸವನ್ನು ಮರಳಿ ಕಲಿಯುತ್ತದೆ.

ಮಣೆಯ ಮೇಲೆ ಊಟ, ನೆಲದ ಮೇಲಿನ ಹಾಸಿಗೆ, ಕುಕ್ಕರುಗಾಲಿನ ಕಕ್ಕಸು ಇವೆಲ್ಲ ಸದ್ಯಕ್ಕೆ ಬೇಡ. ಬಚ್ಚಲಿಗೆ ಹಿಡಿಕೆ, ರಾತ್ರಿಗೆ ದೀಪ, ಎತ್ತರದ ಹೊಸ್ತಿಲಿಗೆ ಇಳಿಜಾರು ಹಲಗೆ ಮಾಡಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ಪಾಚಿ ಹಿಡಿದಿರುವುದರಿಂದ ನಡಿಗೆಯನ್ನು ಜಗಲಿಗೇ ಸೀಮಿತಗೊಳಿಸಬೇಕು.

ಅಳತೆ ಮತ್ತು ನೆರವು

ವಾರಕ್ಕೊಮ್ಮೆ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ಮೂರು ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿದರೆ, ಅಂದರೆ 50 ಕಿಲೋದವರು 47.5ಕ್ಕೆ ಬಂದರೆ, ವೈದ್ಯರಿಗೆ ತಿಳಿಸಬೇಕು. ತೂಕದ ಯಂತ್ರದ ಮೇಲೆ ನಿಲ್ಲಲಾರದವರ ಮೀನಖಂಡದ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ಅಳೆಯಬಹುದು. 31 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸ್ನಾಯು ಕ್ಷೀಣಿಸಿದ ಸೂಚನೆ.

ಕೇರಳವು 2008ರಲ್ಲಿ ಪ್ಯಾಲಿಯೇಟಿವ್ ಆರೈಕೆಯ, ಅಂದರೆ ದೀರ್ಘ ಕಾಯಿಲೆಯವರ ನೋವು ಸಂಕಟ ತಗ್ಗಿಸುವ ಆರೈಕೆಯ, ನೀತಿಯನ್ನು ರೂಪಿಸಿದ ಮೇಲೆ ಪಂಚಾಯತುಗಳ ಮೂಲಕ ಹಾಸಿಗೆ ಹಿಡಿದವರ ಮನೆಗೆ ನರ್ಸುಗಳು ಬರುವ ವ್ಯವಸ್ಥೆ ಬೆಳೆದಿದೆ. ಇದು ಕ್ಯಾನ್ಸರ್ ರೋಗಿಗಳಿಗೆ ಮಾತ್ರವೆಂದು ತಿಳಿದವರು ಇನ್ನೂ ಇದ್ದಾರೆ. ವಾರ್ಡಿನ ಆಶಾ ಕಾರ್ಯಕರ್ತೆಯನ್ನೋ ಕುಟುಂಬ ಆರೋಗ್ಯ ಕೇಂದ್ರವನ್ನೋ ವಿಚಾರಿಸಿ ಹೆಸರು ಸೇರಿಸಿ. ಮಾತು ಹೋದವರಿಗೆ ಮಾತಿನ ತರಬೇತಿ ಅವರ ಮನೆಮಾತಿನಲ್ಲೇ ಸಿಗಬೇಕೆಂದು ಕೇಳಿಕೊಳ್ಳಿ. ತರಬೇತುದಾರರಿಗೆ ಆ ಭಾಷೆ ಬಾರದಿದ್ದರೆ ಮನೆಯವರೊಬ್ಬರು ಜೊತೆಗೆ ಕೂರಬೇಕು. ಹಸಿವು, ನೀರು, ನೋವು, ಕಕ್ಕಸು ಎಂಬ ನಾಲ್ಕು ಚಿತ್ರಗಳ ಹಾಳೆಯೊಂದು ಮಂಚದ ಬಳಿ ಇದ್ದರೆ ಬೆರಳು ತೋರಿಸಿ ಕೇಳಬಹುದು.

ಒಮ್ಮೆ ಪಾರ್ಶ್ವವಾಯು ಆದವರಿಗೆ ಮತ್ತೆ ಆಗುವ ಸಾಧ್ಯತೆ ಇದ್ದೇ ಇರುತ್ತದೆ. ಹಠಾತ್ತನೆ ಬಾಯಿ ಸೊಟ್ಟಗಾದರೆ, ಕೈ ಕುಸಿದರೆ, ಮಾತು ತೊದಲಿದರೆ, ದೃಷ್ಟಿ ಅಥವಾ ಸಮತೋಲ ತಪ್ಪಿದರೆ 108ಕ್ಕೆ ಕರೆ ಮಾಡಿ, ರೋಗಿ ಕೊನೆಯದಾಗಿ ಸರಿಯಾಗಿದ್ದ ಹೊತ್ತನ್ನು ಗುರುತಿಸಿಕೊಳ್ಳಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಅಲ್ಲಿಂದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಸ್ಕ್ಯಾನ್ ಮಾಡಲಾಗದ ಕ್ಲಿನಿಕ್ಕಿಗೆ ಮೊದಲು ಒಯ್ದು ಹೊತ್ತು ಕಳೆಯಬಾರದು. ಆಂಬುಲೆನ್ಸ್ ಬರುವವರೆಗೆ ಮಗ್ಗುಲಾಗಿ ಮಲಗಿಸಿ. ನೀರು, ಸಕ್ಕರೆ, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಬೇಡಿ.